ಹಂಡ್ಯಾನ ಕೆಮ್ಮು ಧೂಳಿನದಲ್ಲ

ನಮ್ಮ ಹೋಬಳಿಯ ಪಶು ವೈದ್ಯಾಧಿಕಾರಿಗಳಾದ ಮಾನ್ಯರೇ,

ನಾಯಿಯನ್ನು ಮುಟ್ಟದೆ, ವರಾಂಡದಲ್ಲಿ ನಿಂತೇ ಅದರ ಕೆಮ್ಮಿನ ಜಾತಕ ಹೇಳುವ ತಮ್ಮ ವಿದ್ಯೆಗೆ ನಾಲ್ಕು ಜನರ ಎದುರಿಗೇ ಕೈಮುಗಿಯುತ್ತೇನೆ. ನಮ್ಮ ಹಂಡ್ಯಾನನ್ನು ಎರಡು ಸಲ ತಮ್ಮ ಬಳಿಗೆ ತಂದೆ. ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಕಳಿಸಿದಿರಿ. ಈಗ ಅವನು ಉಸಿರಿಗಾಗಿ ಒದ್ದಾಡುತ್ತಿದ್ದಾನೆ. ಜಗಳಕ್ಕೆಂದು ಬರೆಯುತ್ತಿಲ್ಲ ಎನ್ನೋಣವೆಂದಿದ್ದೆ. ಸುಳ್ಳೇಕೆ, ಜಗಳಕ್ಕೇ ಬರೆಯುತ್ತಿದ್ದೇನೆ.

ಹಂಡ್ಯಾ ನನ್ನ ಮಾವ ಎರ್ರೆಪ್ಪನವರ ಕುರಿಹಿಂಡು ಕಾಯುವ ನಾಯಿ. ಮಾಗಳದ ಹೊಳೆದಂಡೆಯಲ್ಲಿ ಹಿಂಡು ತಂಗಿದಾಗ ತೋಳ ಬಂದರೆ ಮೊದಲು ಎದುರು ನಿಲ್ಲುವವನು ಅವನೇ. ಮಾವ ಏಳುವುದು ಆಮೇಲೆ, ಅದೂ ಕಂಬಳಿ ತಡಕಾಡಿಕೊಂಡು. ಈ ಸಲ ಮೆಕ್ಕೆಜೋಳದ ಸುಗ್ಗಿಯಲ್ಲಿ ಹಿಂಡನ್ನು ಕಣದ ಪಕ್ಕ ನಿಲ್ಲಿಸಿದ್ದೆವು. ತೆನೆ ಒಕ್ಕುವ ಮಷಿನ್ ಶುರುವಾಯಿತೆಂದರೆ ನಮ್ಮ ಕಡೆ ಮನುಷ್ಯರು, ಎತ್ತು, ಎಲ್ಲರೂ ಕೆಮ್ಮುವವರೇ. ಹಂಡ್ಯಾನೂ ಕೆಮ್ಮಿದ. ಧೂಳಿಗೆ ಎಂದುಕೊಂಡೆವು. ಕೆಮ್ಮಿ ಕೆಮ್ಮಿ ನೊರೆ ಕಾರಿದಾಗ, ಗಂಟಲಲ್ಲಿ ತೆನೆಯ ಸಿಪ್ಪೆ ಸಿಕ್ಕಿದೆ ಎಂದು ಮಾವ ತೀರ್ಪು ಕೊಟ್ಟು, ಅದನ್ನು ಒಳಗೆ ತಳ್ಳಲು ಮುದ್ದೆಯ ಉಂಡೆ ನುಂಗಿಸಿದರು. ಮೀನಿನ ಮುಳ್ಳು ಸಿಕ್ಕವರಿಗೆ ನಮ್ಮಲ್ಲಿ ಅದೇ ಮದ್ದು. ಸುಗ್ಗಿ ಮುಗಿಯಿತು, ಮಷಿನ್ ಬೇರೆ ಊರಿಗೆ ಹೋಯಿತು, ಕೆಮ್ಮು ಮಾತ್ರ ನಿಲ್ಲಲಿಲ್ಲ. ಧೂಳೇ ಇಲ್ಲದ ಮೇಲೆ ಇದೆಂಥ ಧೂಳಿನ ಕೆಮ್ಮು ಎಂದು ನನಗೆ ದಿಗಿಲಾಯಿತು.

ಟಂಟಂ ಗಾಡಿ ಬಾಡಿಗೆಗೆ ಮಾಡಿಸಿಕೊಂಡು ತಮ್ಮಲ್ಲಿಗೆ ಬಂದೆ. ನಾಯಿಯ ಕೆಮ್ಮು ತಾನಾಗಿಯೇ ಹೋಗುತ್ತದೆ ಎಂದಿರಿ. ಕೆಲವು ದಿನ ಬಿಟ್ಟು ಮತ್ತೆ ಬಂದೆ. ಬದುವಿನ ತನಕ ನಡೆದರೆ ಕೂತುಬಿಡುತ್ತಾನೆ, ಮಲಗಿದರೆ ಕೆಮ್ಮು ಹೆಚ್ಚಿ ಎದ್ದು ನಿಲ್ಲುತ್ತಾನೆ, ಮೈ ಸುಡುತ್ತದೆ ಎಂದು ಬಿಡಿಸಿ ಹೇಳಿದೆ. ತಾವು ಕೇಳಿದ್ದು ಒಂದೇ, ಉಣ್ಣುತ್ತದೋ ಇಲ್ಲವೋ. ಸ್ವಲ್ಪ ಉಣ್ಣುತ್ತಾನೆ ಎಂದೆ.

"ಊಟ ಬಿಟ್ಟ ಮ್ಯಾಲೆ ಕರ್ಕೊಂಡು ಬರ್ರಿ. ಇಲ್ಲಿ ದನ, ಕುರಿ ನೋಡಾಕನೇ ಪುರಸೊತ್ತಿಲ್ಲ," ಎಂದಿರಿ.

ಎಂಥ ಮಾತು ಸ್ವಾಮಿ! ತಮ್ಮ ಮನೆಯ ಮಗು ಕೆಮ್ಮಿದರೆ ಅದು ಅನ್ನ ಬಿಡುವ ತನಕ ಕಾಯುತ್ತೀರಾ? ಕುರಿಗೆ ಲಸಿಕೆ ಹಾಕುವ ಸರ್ಕಾರಕ್ಕೆ, ಆ ಕುರಿಯನ್ನು ತೋಳದ ಬಾಯಿಂದ ಉಳಿಸುವ ಪ್ರಾಣಿ ಮಾತ್ರ ಬೇಡವೇ? ನಾವು ಓದಿಲ್ಲದವರು, ಮುದ್ದೆ ನುಂಗಿಸಿ ತಪ್ಪು ಮಾಡಿದೆವು. ಓದಿದ ತಾವು ಏನು ಮಾಡಿದಿರಿ?

ಕೊನೆಗೆ ಹರಪನಹಳ್ಳಿಯ ಖಾಸಗಿ ವೈದ್ಯರೊಬ್ಬರ ಬಳಿಗೆ ಓಡಿದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ, "ಸೋಂಕು ಶ್ವಾಸಕೋಶಕ್ಕೆ ಇಳಿದೈತಮ್ಮ. ಒಂದು ವಾರದ ಹಿಂದೆ ತಂದಿದ್ರೆ ಗುಳಿಗಿಗೆ ಹೋಗ್ತಿತ್ತು," ಎಂದರು. ಒಂದು ವಾರದ ಹಿಂದೆ ನಾನು ತಮ್ಮ ವರಾಂಡದಲ್ಲಿದ್ದೆ. ಈಗ ದಿನಾ ಇಂಜೆಕ್ಷನ್ ನಡೆದಿದೆ. ಉಳಿಯುತ್ತಾನೆಂದು ಅವರು ಮಾತು ಕೊಡಲಿಲ್ಲ. ಮಾವ ಹಿಂಡು ಬಿಟ್ಟು ಅವನ ಪಕ್ಕ ಕೂತಿದ್ದಾರೆ. ಈ ಸೋಂಕು ಒಂದು ನಾಯಿಯಿಂದ ಇನ್ನೊಂದಕ್ಕೆ ಹಬ್ಬಬಹುದು ಎಂದೂ ವೈದ್ಯರು ಎಚ್ಚರಿಸಿದ್ದರು. ನಿನ್ನೆಯಿಂದ ನೆರೆಯ ಪಕ್ಕೀರಪ್ಪನ ನಾಯಿಗಳೂ ಕೆಮ್ಮುತ್ತಿವೆ.

ಆದ್ದರಿಂದ ಬೇಡಿಕೆ ಇಷ್ಟೇ. ಕೆಮ್ಮು ವಾರ ದಾಟಿದರೆ, ಜ್ವರ ಬಂದರೆ, ನಾಲಿಗೆ ನೀಲಿಗಟ್ಟಿದರೆ, ನಾಲ್ಕು ಹೆಜ್ಜೆಗೆ ದಮ್ಮು ಹತ್ತಿದರೆ, ಊಟ ಬಿಡುವ ತನಕ ಕಾಯದೆ ನಾಯಿಯನ್ನು ಕೂಡಲೇ ತನ್ನಿ ಎಂದು ಆಸ್ಪತ್ರೆಯ ಗೋಡೆಗೆ ಬರೆಸಿ. ತಂದ ನಾಯಿಯನ್ನು ಮುಟ್ಟಿ ನೋಡಿ. ಸೋಮವಾರ ಬೆಳಿಗ್ಗೆ ನಾವು ಕುರಿಗಾರರೆಲ್ಲ ಕೆಮ್ಮುವ ನಾಯಿಗಳನ್ನು ಕರೆತಂದು ತಮ್ಮ ಅಂಗಳದಲ್ಲಿ ದೂರ ದೂರ ಕಟ್ಟಿ ಕೂರುತ್ತೇವೆ. ಧಿಕ್ಕಾರ ಕೂಗುವುದಿಲ್ಲ. ನಾವು ಸುಮ್ಮನಿರುತ್ತೇವೆ, ಅವು ಕೆಮ್ಮುತ್ತವೆ. ಒಳಗೆ ಕೂತು ಎಷ್ಟು ಹೊತ್ತು ಕೇಳಬಲ್ಲಿರೋ ನೋಡೋಣ.

ಇಂತಿ,
ನಾಯಿಗೆ ಟಂಟಂ ಮಾಡಿಸಿದವಳೆಂದು ಊರೆಲ್ಲ ನಗುವ,
ಮತ್ತೆ ಮಾಡಿಸಲಿರುವ,
ಯಶೋಧಾ