ಥಾರ್ನ್‌ಬೆಕ್ ನಿಲ್ದಾಣದ ಹಿಂದೆ ಕಟ್ಟಿಕೊಂಡ ನೀರು

ಮುಚ್ಚಿದ ರೈಲು ಮಾರ್ಗಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಥಾರ್ನ್‌ಬೆಕ್ ನಿಲ್ದಾಣದ ಗೇಟಿಗೆ ಹಾಕಿಸಿದ ಬೀಗ ತೆಗೆಸಿ. ಆ ಬೀಗದ ದೆಸೆಯಿಂದ ನಮ್ಮ ಹಳ್ಳ ಕಟ್ಟಿಕೊಂಡಿದೆ. ನಿಂತ ನೀರಿಗೆ ನಿಲ್ದಾಣದ ಏರಿ ಒಡೆದರೆ, ಅದು ಮೊದಲು ನುಗ್ಗುವುದು ನನ್ನ ಅಕ್ಕ ಥೆಲ್ಮಾಳ ಮನೆಗೆ. ಇಷ್ಟನ್ನು ನಿಮಗೆ ಖಾಸಗಿಯಾಗಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರ್ಕ್‌ಷೈರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಿಮ್ಮ ಸ್ವತ್ತಿನ ಚರಿತ್ರೆ ನಿಮಗೇ ತಿಳಿದಂತಿಲ್ಲ, ನಾನೇ ಹೇಳುತ್ತೇನೆ. ರೈಲಿನವರು ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಅದರ ಮೇಲೆ ನಿಲ್ದಾಣ ಕಟ್ಟಿದರು. ಹಳ್ಳ ಹಾಯಲೆಂದು ಪ್ಲಾಟ್‌ಫಾರ್ಮಿನ ಅಡಿಯಲ್ಲಿ ಇಟ್ಟಿಗೆಯ ತೂಬು ಬಿಟ್ಟರು. ನಮ್ಮ ಅಜ್ಜನ ಕಾಲದಲ್ಲಿ ನಿಲ್ದಾಣಗಳ ನಡುವೆ ಹೂದೋಟದ ಸ್ಪರ್ಧೆ ನಡೆಯುತ್ತಿತ್ತು. ಇಂಗ್ಲಿಷರಾದ ನಾವು ರೈಲು ತಡವಾದರೆ ಸಹಿಸಿಕೊಳ್ಳುತ್ತೇವೆ, ಗುಲಾಬಿ ಬಾಡಿದರೆ ಸಹಿಸುವುದಿಲ್ಲ. ನೀರು ಹೊರಬರುವ ಕಡೆ ತೂಬಿನ ಬಾಯಿಗಿದ್ದ ತುಕ್ಕು ಹಿಡಿದ ಜಾಲರಿ ತೀರ್ಪುಗಾರರ ಕಣ್ಣಿಗೆ ಬೀಳಬಾರದೆಂದು ಅಂದಿನ ಸ್ಟೇಷನ್ ಮಾಸ್ಟರ್ ಅರ್ನ್‌ಶಾ ಅದರ ಮುಂದೆ ಕಲ್ಲು ಜೋಡಿಸಿ, ಸಂದಿಗಳಲ್ಲಿ ಹೂಗಿಡ ನೆಟ್ಟರು. ಬಹುಮಾನ ಬಂತು. ನೀರು ಕಲ್ಲುಗಳ ನಡುವೆ ನುಸುಳಿ ಹೋಗತೊಡಗಿತು, ಎಲೆಗಳು ಒಳಗಿನ ಜಾಲರಿಗೆ ಸಿಕ್ಕಿಕೊಳ್ಳತೊಡಗಿದವು. ರೈಲು ನಿಂತ ಮೇಲೂ ಆ ತೋಟವನ್ನು ಕೀಳುವ ಮನಸ್ಸು ಯಾರಿಗೂ ಬರಲಿಲ್ಲ, ಬಹುಮಾನದ ತೋಟವಲ್ಲವೇ? ಪ್ರತಿ ವರ್ಷ ಎಲೆಯುದುರುವ ಕಾಲದ ಒಂದು ಭಾನುವಾರ ಚರ್ಚಿನಿಂದ ನೇರವಾಗಿ ಊರೇ ಅಲ್ಲಿಗೆ ಹೋಗಿ, ಕಲ್ಲು ಸರಿಸಿ, ಎಲೆ ಬಾಚಿ, ಕಲ್ಲುಗಳನ್ನು ಮೊದಲಿನಂತೆಯೇ ಜೋಡಿಸಿ, ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ಬರುತ್ತಿದ್ದೆವು.

ಎರಡು ವರ್ಷದ ಹಿಂದೆ ನಮ್ಮ ಸುರಕ್ಷತೆಯ ಬಗ್ಗೆ ನಿಮಗೆ ಕಾಳಜಿ ಹುಟ್ಟಿತು. ಬೇಲಿ ಬಂತು, ಬೀಗ ಬಂತು, ಪ್ರವೇಶವಿಲ್ಲ ಎಂಬ ಫಲಕ ಬಂತು. ಫಲಕ ಕಂಡರೆ ಕೈಕಟ್ಟಿ ನಿಲ್ಲುವ ಜನ ನಾವು. ಸಲಿಕೆ, ಕೇಕು ಹಿಡಿದು ಗೇಟಿನವರೆಗೆ ಹೋದೆವು, ಓದಿದೆವು, ಸಾಲಾಗಿ ಹಿಂದಿರುಗಿದೆವು. ಅಂದಿನಿಂದ ಎಲೆ ಬಾಚಿದವರಿಲ್ಲ, ತೂಬು ಕಟ್ಟಿಹೋಯಿತು. ಅನುಮತಿ ಕೋರಿ ಬರೆದರೆ, ತಮ್ಮ ದಾಖಲೆಯಲ್ಲಿ ಅಂಥ ತೂಬೇ ಇಲ್ಲವೆಂದೂ, ಇಲ್ಲದ ತೂಬನ್ನು ಶುಚಿಗೊಳಿಸುವ ಪ್ರಶ್ನೆ ಉದ್ಭವಿಸದೆಂದೂ ತಾವು ಉತ್ತರಿಸಿದಿರಿ. ಪರಿಶೀಲನೆಗೆ ಬಂದ ಎಂಜಿನಿಯರಿಗೆ ಕಲ್ಲುಗಳ ಹಿಂದೆ ನೋಡಿ ಎಂದೆವು. ಅವರು ತೋಟದ ಫೋಟೊ ತೆಗೆದುಕೊಂಡು, ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಏರಿಯ ಹಿಂದೆ ಕೆರೆಯಷ್ಟು ನೀರು ನಿಂತಿದೆಯಲ್ಲ ಎಂದದ್ದಕ್ಕೆ, ಬಾತುಕೋಳಿಗಳು ಬಂದಿರುವುದು ಪರಿಸರಕ್ಕೆ ಶುಭಸೂಚನೆ ಎಂದರು. ಯಾರಿಗೆ ಶುಭ, ಮಾನ್ಯರೇ? ಬಾತುಕೋಳಿಗೆ ಈಜು ಬರುತ್ತದೆ.

ಥೆಲ್ಮಾಳ ಮನೆ ಏರಿಯ ಕೆಳಗೆ ಮೊದಲನೆಯದು. ಮಂಡಿ ಸೋತ ಮೇಲೆ ಕೆಳಗಿನ ಕೋಣೆಯಲ್ಲೇ ಮಲಗುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿದ ಹಳ್ಳದ ಸದ್ದು ಈಗ ಅವಳಿಗೆ ಕೇಳಿಸುತ್ತಿಲ್ಲ. ಅದರ ಬದಲು ಅವಳ ಹಿತ್ತಲಿನ ಎಲೆಕೋಸಿನ ಪಾತಿಯಲ್ಲಿ, ಏರಿಯ ಬುಡದಿಂದ, ಕೆಸರು ನೀರು ಜಿನುಗುತ್ತಿದೆ. ತಿಳಿನೀರಾಗಿದ್ದರೆ ಸುಮ್ಮನಿರುತ್ತಿದ್ದೆ. ಏರಿ ಒಳಗೊಳಗೇ ಕರಗುತ್ತಿದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕೇ? ನನ್ನ ಮನೆಗೆ ಬಾ ಎಂದರೆ, ಖಾಲಿ ಮಾಡಿದರೆ ಇದಕ್ಕೂ ಬೀಗ ಜಡಿಯುತ್ತಾರೆ ಎಂದು ಹಟ ಹಿಡಿದಿದ್ದಾಳೆ. ಕಳೆದ ವಾರ ಪಕ್ಕದ ಮನೆಯ ಪಿಕರ್ಸ್‌ಗಿಲ್ ದಂಪತಿ ಮತ್ತು ನಾನು ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಹೊತ್ತೆವು. ಹಾಸಿಗೆಯ ಮೇಲೆ ಕೂತು ಅವಳು ನನ್ನ ಕೈ ಹಿಡಿದುಕೊಂಡಳು.

"ಹತ್ತಿಸಿದ್ರಿ, ಸರಿ ಕಣೇ. ನೀರು ಬಂದು ಮನೆನೇ ಕುಸಿಯೋವಾಗ ನನ್ನ ಇಳಿಸೋಕೆ ಯಾರಿರ್ತಾರೆ?"

ಅಂದಿನಿಂದ ಮಳೆಯ ಮೋಡ ಕಂಡರೆ ಅವಳ ಮನೆಗೆ ಓಡುತ್ತೇನೆ.

ಬರುವ ಭಾನುವಾರ ನಾವು ನಿಲ್ದಾಣಕ್ಕೆ ಹೋಗುತ್ತೇವೆ. ನೀವು ಕೀಲಿಕೈ, ಪಂಪು, ಕೆಲಸ ಬಲ್ಲ ಜನರೊಂದಿಗೆ ಅಲ್ಲಿರಬೇಕು. ಇರದಿದ್ದರೆ ಬೀಗ ಒಡೆಯುತ್ತೇವೆ. ಇಷ್ಟು ನೀರನ್ನು ನಿಧಾನವಾಗಿ ಬಿಡುವುದು ಹೇಗೆಂದು ನಮಗೆ ತಿಳಿಯದು. ನಮಗೆ ಗೊತ್ತಿರುವುದು ಎಲೆ ಬಾಚುವುದಷ್ಟೇ, ಬಾಚಿದೊಡನೆ ಅಷ್ಟೂ ನೀರು ಒಮ್ಮೆಲೇ ಹೊರಟೀತು. ನಮ್ಮನ್ನು ಹಿಡಿಯಲು ಪೊಲೀಸರನ್ನು ಧಾರಾಳವಾಗಿ ಕಳುಹಿಸಿ. ಆದರೆ ಅವರನ್ನು ಗೇಟಿನಲ್ಲಿ ನಿಲ್ಲಿಸಬೇಡಿ, ಥೆಲ್ಮಾಳ ಮೆಟ್ಟಿಲ ಬಳಿ ನಿಲ್ಲಿಸಿ. ಅವಳನ್ನು ಇಳಿಸಲು ಗಟ್ಟಿ ಆಳುಗಳು ಬೇಕು.

ಇಂತಿ,
ಈವರೆಗೆ ಯಾವ ಫಲಕವನ್ನೂ ಮೀರದ
ಎನಿಡ್ ಹೆಸೆಲ್ಟೈನ್