ನನ್ನ ಹೆಸರಿನ ಬೀದಿ ಬೇಡ

ವಾಲ್‌ದೆರೋಕ ಪುರಸಭೆಯ ಮಾನ್ಯ ಅಧ್ಯಕ್ಷರೇ,

ಕಮ್ಮಾರರ ಬೀದಿಗೆ ನನ್ನ ಹೆಸರಿಟ್ಟು ಅಮೃತಶಿಲೆಯ ಫಲಕ ಕೂರಿಸಲು ತಾವು ನಿರ್ಣಯಿಸಿದ್ದೀರಿ. ಅದನ್ನು ಕೂಡಲೇ ರದ್ದುಮಾಡಿ. ‘ಯಾವ ಅಧಿಕಾರಕ್ಕೂ ಮಣಿಯದವನು’ ಎಂದು ಕೆತ್ತಿಸುತ್ತೀರಂತೆ. ನಿಜ, ಮಣಿಯಲಿಲ್ಲ. ಮಣಿಸಲು ಹೋದೆ. ಆ ಸಂಗತಿ ತಮ್ಮ ಕಡತದಲ್ಲಿ ಇಲ್ಲದ್ದರಿಂದ ಊರೆಲ್ಲ ಓದುವಂತೆ ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ.

1936ರ ಬೇಸಿಗೆಯಲ್ಲಿ ಸ್ಪೇನಿಗೆ ಅಂತರ್ಯುದ್ಧದ ಬೆಂಕಿ ಬಿದ್ದು, ಜಮೀನ್ದಾರರೂ ಪೊಲೀಸರೂ ಅರಗಾನ್ ಪ್ರಾಂತ್ಯದ ಈ ಮೂಲೆಯಿಂದ ಓಡಿಹೋದಾಗ ನನಗೆ ಮೂವತ್ತು ವರ್ಷ. ಊರಿನ ಕ್ಷೌರಿಕ. ನನ್ನ ಅಂಗಡಿಯಲ್ಲಿ ಗಡ್ಡ ಹೆರೆಸಿಕೊಳ್ಳುತ್ತಲೇ ಜನ ಸರ್ಕಾರವಿಲ್ಲದ ಲೋಕ ಕಟ್ಟುತ್ತಿದ್ದರು. ಪಂಥಗಳಿಗೇನು ಬರವೇ? ಭೂಮಿ ಎಲ್ಲರದು, ಪ್ರತಿಫಲ ಮಾತ್ರ ದುಡಿದಷ್ಟಕ್ಕೆ ಎನ್ನುವವರಿದ್ದರು. ಅವರವರ ಹೊಲ ಅವರಿಗಿರಲಿ, ವಿನಿಮಯ ನ್ಯಾಯವಾಗಿದ್ದರೆ ಸಾಕು ಎಂದು ಶಾಲೆಯ ಮೇಷ್ಟ್ರು. ಕಾರ್ಮಿಕ ಸಂಘವೇ ನಾಳಿನ ಸಮಾಜದ ಬುನಾದಿ ಎಂದು ರೈಲ್ವೆಯವರು. ನಾನು ಎಲ್ಲರಿಗಿಂತ ಒಂದು ಕೈ ಮೇಲು: ಎಲ್ಲವೂ ಎಲ್ಲರದು, ಯಾರಿಗೆ ಎಷ್ಟು ಬೇಕೋ ಅಷ್ಟು. ಮನುಷ್ಯನ ಮೇಲೆ ಮನುಷ್ಯ ಸವಾರಿ ಮಾಡಕೂಡದು ಎಂಬುದರಲ್ಲಿ ಮಾತ್ರ ಒಮ್ಮತ.

ಹೊಲಗಳು ಸಾಮೂಹಿಕವಾದವು. ಸೇರಲು ಬಲವಂತವಿಲ್ಲ ಎಂದು ನಾವೇ ಬರೆದುಕೊಂಡೆವು. ಬೆನಿಲ್ದೆ ಸೇರಲಿಲ್ಲ. ಒಂದು ಆಲಿವ್ ತೋಪು, ಒಂದು ಹೇಸರಗತ್ತೆ, ತಮ್ಮ ಫಾವುಸ್ತಿನೋ, ಇಷ್ಟೇ ಅವಳ ಸಂಸಾರ.

ನವೆಂಬರಿನಲ್ಲಿ ಗಾಣದ ಕಲ್ಲಿಗೆ ಸಿಕ್ಕಿ ಫಾವುಸ್ತಿನೋನ ಕೈ ಜಜ್ಜಿಹೋಯಿತು. ಆಸ್ಪತ್ರೆ ಪಟ್ಟಣದಲ್ಲಿ. ಊರಿನ ಆಡಳಿತಕ್ಕೆಂದು ನಾವು ಮಾಡಿಕೊಂಡಿದ್ದ ಸಮಿತಿಯ ಮೊಹರಿನ ಚೀಟಿಯಿಲ್ಲದೆ ದಾರಿಯ ಕಾವಲಿನವರು ಯಾರನ್ನೂ ಬಿಡುತ್ತಿರಲಿಲ್ಲ. ಸಮಿತಿಯ ಕಾರ್ಯದರ್ಶಿ ನಾನು. ಸರ್ಕಾರವನ್ನು ರದ್ದುಮಾಡಿದ್ದ ನಾವು ಮೊಹರನ್ನು ಮಾತ್ರ ಉಳಿಸಿಕೊಂಡಿದ್ದೆವು.

“ಚೀಟಿ ಕೊಡು, ಸೆಲೆದೋನಿಯೋ. ಕೈ ಕಪ್ಪಗಾಗ್ತಿದೆ,” ಅಂದಳು ಬೆನಿಲ್ದೆ.

“ಕೊಡ್ತೀನಕ್ಕಾ. ಮೊದ್ಲು ಇಲ್ಲೊಂದು ಹೆಬ್ಬೆಟ್ಟು ಒತ್ತು. ನಮ್ ಜೊತೆ ಸೇರಿದೋರಿಗೆ ಲಾರಿನೇ ಕಳಿಸ್ತೀವಿ.”

“ಬಲವಂತ ಇಲ್ಲ ಅಂದಿದ್ರಲ್ಲ?”

“ಬಲವಂತ ಎಲ್ಲಿದೆ? ನಿನ್ ಕೈ ಹಿಡ್ಕೊಂಡು ಒತ್ತಿಸ್ತಿದೀನಾ?”

“ಯಾರೂ ಯಾರನ್ನೂ ಆಳಬಾರ್ದು ಅಂತ ಭಾಷಣ ಬಿಗೀತಿದ್ದೆ. ಆ ಯಾರೂ ಅನ್ನೋದ್ರಲ್ಲಿ ನೀನು ಸೇರಿಲ್ವೇನೋ?”

ತತ್ತ್ವ ದಾರಿ ತಪ್ಪಿತೆಂದು ಹೇಳಿ ನಾನು ಈಗ ಜಾರಿಕೊಳ್ಳಬಹುದು. ಆದರೆ ತತ್ತ್ವ ಅಲ್ಲೇ ಇತ್ತು, ಅವಳ ಬಾಯಲ್ಲಿ. ನನಗೆ ಅವಳ ಸೊಕ್ಕು ಮುರಿಯಬೇಕಿತ್ತು, ಅಷ್ಟೇ.

ಅವಳು ತಮ್ಮನನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಹೊರಟಳು. ಕಾವಲಿನವರು ವಾಪಸು ಕಳಿಸಿದರು. ಮೂರನೆಯ ದಿನ ನಾನೇ ಚೀಟಿ ಹಿಡಿದು ಅವಳ ಮನೆಗೆ ಓಡಿದೆ. ನಂಜು ಭುಜಕ್ಕೇರಿತ್ತು. ಲಾರಿ ಬರುವಷ್ಟರಲ್ಲಿ ಫಾವುಸ್ತಿನೋ ತೀರಿಕೊಂಡ.

1938ರ ವಸಂತದಲ್ಲಿ ಫ್ರಾಂಕೋನ ಸೇನೆ ಬಂತು. ನಮ್ಮನ್ನೆಲ್ಲ ಚೌಕದಲ್ಲಿ ಸಾಲಾಗಿ ನಿಲ್ಲಿಸಿದ ಅಧಿಕಾರಿ, ನಮ್ಮೊಡನೆ ಸೇರದಿದ್ದವಳೆಂದು ಬೆನಿಲ್ದೆಯನ್ನೇ ಕೇಳಿದ: ಸಮಿತಿಯ ಕಾರ್ಯದರ್ಶಿ ಯಾರು?

“ಅವನು ಓಡಿಹೋಗಿ ವರ್ಷ ಆಯ್ತು, ಸ್ವಾಮಿ.”

“ಹಾಗಾದ್ರೆ ಇವನು?” ನನ್ನತ್ತ ಬೆರಳು ತೋರಿಸಿದ.

“ಇವನಾ? ಕ್ಷೌರದೋನು. ಅದೂ ನೆಟ್ಟಗೆ ಬರಲ್ಲ.”

ಆ ಸಾಲಿನಿಂದ ಐವರನ್ನು ಕರೆದೊಯ್ದು ಗುಂಡಿಕ್ಕಿದರು. ನಾನು ಮನೆಗೆ ಬಂದೆ. ಯಾಕೆ ಉಳಿಸಿದೆ ಎಂದು ಅವಳ ಬಾಗಿಲಲ್ಲಿ ನಿಂತು ಕೇಳಿದೆ.

“ನಿನ್ ಮೇಲಿನ ಪ್ರೀತಿಗಲ್ಲ. ನಾನು ಯಾರನ್ನೂ ಹಿಡ್ದು ಕೊಡೋಳಲ್ಲ. ಹೋಗು.”

ಕಳೆದ ವರ್ಷ ಸಾಯುವವರೆಗೂ ಅವಳು ನನ್ನೊಡನೆ ಮತ್ತೆ ಮಾತಾಡಲಿಲ್ಲ. ಅವಳು ಎದುರು ಬಂದಾಗಲೆಲ್ಲ ನಾನು ಟೋಪಿ ತೆಗೆದೆ. ‘ಕ್ಷಮಿಸು’ ಎನ್ನಲು ನಲವತ್ತೊಂದು ವರ್ಷ ಸಾಲಲಿಲ್ಲ. ನಮ್ಮ ಪಂಥಗಳನ್ನೆಲ್ಲ ಓದಿಕೊಂಡಿದ್ದವನು ನಾನು. ಅಕ್ಷರ ಬಾರದ ಅವಳು ಆ ತತ್ತ್ವದಂತೆ ಬದುಕಿದಳು. ಹೇಳಿ ಮಾನ್ಯರೇ, ಫಲಕ ಯಾರಿಗೆ?

ತಾವು ಚುನಾಯಿತರು, ಒಳ್ಳೆಯವರು ಎಂದೇ ಕೇಳಿದ್ದೇನೆ. ನಾನೂ ಒಳ್ಳೆಯವನೇ ಆಗಿದ್ದೆ.

ಬೆನಿಲ್ದೆಯ ಹೆಸರನ್ನು ಬೀದಿಗಿಡಿ ಎಂದು ಕೇಳಲಾರೆ, ಅವಳು ಒಪ್ಪುತ್ತಿರಲಿಲ್ಲ. ಫಾವುಸ್ತಿನೋನ ಗೋರಿಗೆ ಇಂದಿಗೂ ಕಲ್ಲಿಲ್ಲ. ಆ ಅಮೃತಶಿಲೆ ಅಲ್ಲಿಗೆ ಹೋಗಲಿ. ‘ಆಸ್ಪತ್ರೆಗೆ ಹೋಗಲು ಚೀಟಿ ಬೇಕಿತ್ತು, ಕೊಡಲಿಲ್ಲ’ ಎಂದು ಕೆತ್ತಿಸಿ. ಕೊಡದವನ ಹೆಸರನ್ನೂ ಕೆತ್ತಿಸಿ. ಕಾಗುಣಿತ ತಪ್ಪದಿರಲೆಂದು ಪೂರ್ತಿಯಾಗಿ ಕೆಳಗೆ ಬರೆದಿದ್ದೇನೆ.

ಇಂತಿ,
ಸೆಲೆದೋನಿಯೋ ಅರ್ನಾಲ್ ಬುಯೆಸಾ