ರಂಗನಾಥ ಆರಿಸಿಕೊಟ್ಟ ಜರ್ಮನಿ ಅಜ್ಜಿ

ಶ್ರೀರಂಗಪಟ್ಟಣ
11-9-94

ತಂಗಿ ಬೀರಮ್ಮನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಮಗಳ ಮನೆಯಲ್ಲಿ ಒಂದು ಸೋಜಿಗ ನಡೆಯಿತು. ಇಂಗ್ಲಿಷಿನಲ್ಲಿ ಫೇಲಾದ ಮೊಮ್ಮಗಳು ಪೂಜ, ಪರದೇಶದವರಿಗೆ ಕಾಗದ ಬರೆದು ಭಾಷೆ ಕಲಿಯುತ್ತೇನೆಂದಳು. ಪತ್ರಿಕೆಯಲ್ಲಿ ಪತ್ರದ ಗೆಳೆತನ ಬಯಸಿದ ಆರು ಜನರ ವಿಳಾಸವಿತ್ತು. ಯಾರಿಗೆ ಬರೆಯುವುದೆಂದು ತಿಳಿಯದಾಗ ನಾನೇ ಚೀಟಿ ಬರೆಸಿ, ರಂಗನಾಥನ ಪಟದ ಮುಂದಿಟ್ಟು ಒಂದನ್ನು ಎತ್ತಿಸಿದೆ. ಜರ್ಮನಿಯ ಎಪ್ಪತ್ತು ವರ್ಷದ ಮುದುಕಿಯ ಹೆಸರು ಬಂತು!

“ಏನಜ್ಜಿ, ನಿನ್ ದೇವ್ರಿಗೆ ನನ್ ವಯಸ್ಸು ಗೊತ್ತಿಲ್ವಾ?” ಎಂದು ಪೂಜ ಮುನಿಸಿಕೊಂಡಳು.

“ದೇವ್ರು ಕೊಟ್ಟುದ್ದ ಬ್ಯಾಡ ಅನ್ಬಾರ್ದು ಕಣವ್ವ, ಬರಿ” ಎಂದೆ.

ನಿನ್ನೆ ಉತ್ತರ ಬಂತು. ಆಯಮ್ಮ ಇಂಗ್ಲಿಷ್ ಮೇಡಂ ಆಗಿದ್ದವರಂತೆ! ಪೂಜಳ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದಾರೆ. ಹುಡುಗಿ ಕುಣಿಯುತ್ತಿದ್ದಾಳೆ. ಅವರಿಗೂ ಮಂಡಿ ನೋವಂತೆ. ನನಗೆ ಹರಳೆಣ್ಣೆ ತಿಕ್ಕಿ ವಾಸಿಯಾಯಿತಲ್ಲ, ಅದನ್ನೇ ಬರೆ ಎಂದಿದ್ದೇನೆ. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಪೂಜ ಈಗ ಹುಡುಕುತ್ತಿದ್ದಾಳೆ.

ಇನ್ನು ಬರೆಯಲು ಕಾಗದದಲ್ಲಿ ಜಾಗವಿಲ್ಲ.
ಅಕ್ಕ ಚೆನ್ನಾಜಮ್ಮ